ನೂರಕ್ಕೆ ಮೂರು, ನೂರಕ್ಕೆ ನಾಲ್ಕು

೧೧ ಜುಲೈ ೧೯೬೬
ಜಯನಗರದಿಂದ ಬಸ್ಸಿನಲ್ಲಿ ಇವತ್ತೂ ನಿಂತೇ ಹೋದೆ. ಏಳು ತಿಂಗಳ ಹೊಟ್ಟೆ ನೋಡಿಯೂ ಯಾರೂ ಏಳಲಿಲ್ಲ. ಕಾಲಿನಲ್ಲಿ ಚಪ್ಪಲಿ ಪಟ್ಟಿಯ ಅಚ್ಚು.

ಆಫೀಸಿನಲ್ಲಿ ಹೆರಿಗೆ ಸರ್ವೆಯ ಲೆಕ್ಕ ಮುಗಿಯಿತು. ಹುಳಿಮಾವಿನಿಂದ ತಿಲಕ್ ನಗರದವರೆಗೆ — ಮನೆಯಲ್ಲಿ ಸಾವಿರ ಹೆರಿಗೆ, ಆಸ್ಪತ್ರೆಯಲ್ಲಿ ಸಾವಿರ. ಮನೆಯಲ್ಲಿ ಹುಟ್ಟಿದ ಕೂಸುಗಳಲ್ಲಿ ನೂರಕ್ಕೆ ಮೂರು ಸತ್ತಿವೆ. ಆಸ್ಪತ್ರೆಯಲ್ಲಿ ನಾಲ್ಕು. ಮತ್ತೆ ಕೂಡಿದೆ. ಅದೇ.

ಊಟಕ್ಕೆ ಕೂತಾಗ ಬಾಯಿ ತಪ್ಪಿ ಹೇಳಿಬಿಟ್ಟೆ. ಅಮ್ಮನಿಗೆ ಅಷ್ಟು ಸಾಕಾಯಿತು. "ನೀನು ಹುಟ್ಟಿದಾಗ ಹೆರಿಗೆ ಮಾಡಿಸಿದ್ದೂ ಗೌರಮ್ಮನೇ. ಈಗ ನಿಮ್ಮ ಆಫೀಸೇ ಹೇಳ್ತಿದೆ. ಮನೇಲೇ ಆಗ್ಲಿ, ಇನ್ನೇನು?"

೧೩ ಜುಲೈ
ಸೂಲಗಿತ್ತಿ ಗೌರಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿದರು. ಬೆಚ್ಚಗಿನ ಕೈ. ಕಾಲು ತೋರಿಸಿದೆ. "ಬಸುರೀಲಿ ಊದ್ತದೆ ಕಣವ್ವ, ಹೆದರ್ಕೋಬೇಡ." ಬಿ.ಪಿ. ಜಾಸ್ತಿ ಇದೆ ಅಂತ ಕ್ಲಿನಿಕ್ಕಿನಲ್ಲಿ ಹೇಳಿದ್ದಾರೆ. ಅಮ್ಮನಿಗೆ ಹೇಳಿಲ್ಲ. ನಿದ್ದೆ ಇಲ್ಲ.

೧೪ ಜುಲೈ
ಆಸ್ಪತ್ರೆಯ ಕಾರ್ಡುಗಳನ್ನು ತಿರುವಿ ಹಾಕಿದೆ. ಬಿ.ಪಿ., ರಕ್ತಸ್ರಾವ, ಮಗು ಅಡ್ಡ... ಕಷ್ಟದ ಬಸುರಿಯರೆಲ್ಲ ಅಲ್ಲಿಗೇ ಹೋಗಿದ್ದಾರೆ! ಅಲ್ಲಿ ಸಾವು ಹೆಚ್ಚಾಗದೆ ಇನ್ನೇನು. ಎಲ್ಲರನ್ನೂ ಒಟ್ಟಿಗೆ ಕೂಡಿದ್ದೇ ತಪ್ಪು. ಕಷ್ಟದವರನ್ನು ಕಷ್ಟದವರ ಜೊತೆಗೇ ಹೋಲಿಸಬೇಕು.

ಇದನ್ನು ಹೇಳಿದಾಗ ನಮ್ಮ ಮುಖ್ಯಸ್ಥೆ ಡಾ. ಶಾಂತಾದೇವಿ ಕನ್ನಡಕ ತೆಗೆದರು. "ಚೂಡಾಮಣಿ, ನಿಮಗೂ ಬಿ.ಪಿ. ಇದೆ ಅಲ್ವಾ? ನಿಮಗೆ ಬೇಕಾದ ಉತ್ತರಾನೇ ಹುಡುಕ್ತಾ ಇಲ್ಲ ಅಂತ ಏನು ಗ್ಯಾರಂಟಿ?"

ಗ್ಯಾರಂಟಿ ಇಲ್ಲ. ಅದೇ ಕೊರೆಯುತ್ತಿದೆ.

೧೮ ಜುಲೈ
ನನಗೆ ಬೇಕಾದಂತೆ ವಿಂಗಡಿಸದ ಹಾಗೆ ಕಾಯಲು ಪಕ್ಕದ ಮೇಜಿನ ಜಯಶೀಲಾ ಒಪ್ಪಿದಳು. ಮನೆ, ಆಸ್ಪತ್ರೆ ಎರಡರ ಕಾರ್ಡುಗಳಲ್ಲೂ ಮಗು ಬದುಕಿತೋ ಇಲ್ಲವೋ ಎನ್ನುವ ಸಾಲನ್ನು ಅವಳು ಕಾಗದದಿಂದ ಮುಚ್ಚಿ ಹಿಡಿಯುತ್ತಾಳೆ. ನೋವು ಶುರುವಾಗುವ ಮೊದಲು ಬರೆದದ್ದನ್ನು ಮಾತ್ರ ನಾನು ಓದುತ್ತೇನೆ. ಕಷ್ಟ — ಎಡಕ್ಕೆ. ಸುಲಭ — ಬಲಕ್ಕೆ.

"ಇದೇನೇ, ಕಣ್ಣಾಮುಚ್ಚಾಲೆ!" ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಕಾಗದ ಕಿತ್ತೆಸೆಯಬೇಕು ಅನ್ನಿಸುತ್ತಿತ್ತು.

೨೯ ಜುಲೈ
ಸುಲಭದವರಲ್ಲಿ: ಮನೆ ನೂರಕ್ಕೆ ಎರಡು, ಆಸ್ಪತ್ರೆ ಒಂದು. ಕಷ್ಟದವರಲ್ಲಿ: ಮನೆ ಹನ್ನೆರಡು, ಆಸ್ಪತ್ರೆ ಆರು. ಎರಡು ಕಡೆಯೂ ಆಸ್ಪತ್ರೆಯೇ ವಾಸಿ. ಡಾಕ್ಟರ್ ಬಹಳ ಹೊತ್ತು ನೋಡಿ, "ರಿಪೋರ್ಟಲ್ಲಿ ಇದೇ ಹೋಗಲಿ" ಅಂದರು.

ಗೆದ್ದೆ ಅನ್ನಿಸಲಿಲ್ಲ. ನಾನು ಎಡಗಡೆಯವಳು. ನೂರಕ್ಕೆ ಆರು ಅಂದರೂ ಆರು ಕೂಸು.

ಅಮ್ಮನಿಗೆ ವಿವರಿಸಿದೆ. "ಮೊನ್ನೆ ಒಂದು ಹೇಳ್ದೆ, ಇವತ್ತು ಒಂದು. ನಾಳೆ ಇನ್ನೇನೋ!" ಮತ್ತೆ ವಿವರಿಸಲು ಹೋದೆ. ಲೆಕ್ಕದ ಕಾಗದ ಮಡಚಿ ಪಕ್ಕಕ್ಕಿಟ್ಟೆ.

"ಬಿ.ಪಿ. ಇದೆಯಂತಮ್ಮ. ನಂಗೆ ಭಯ ಆಗ್ತಿದೆ."

ಅಮ್ಮ ಸೌಟು ಕೆಳಗಿಟ್ಟಳು. "ಮೊದಲೇ ಯಾಕೆ ಹೇಳ್ಲಿಲ್ಲ? ಆಸ್ಪತ್ರೆಗೇ ಹೋಗೋಣ. ಗೌರಮ್ಮಂಗೆ ನಾನೇ ಹೇಳ್ಕೋತೀನಿ."

೬ ಸೆಪ್ಟೆಂಬರ್, ವಾರ್ಡಿನಲ್ಲಿ
ಹೆಣ್ಣು. ತುಂಬಾ ಸಣ್ಣದು. ಹುಟ್ಟಿದಾಗ ಅಳಲಿಲ್ಲ, ಆಕ್ಸಿಜನ್ ಕೊಟ್ಟರು. ಈಗ ಹಾಲು ಕುಡಿಯುತ್ತಿದೆ. ನಮ್ಮ ಯಜಮಾನರು ದಾವಣಗೆರೆಯಿಂದ ಹೊರಟಿದ್ದಾರಂತೆ.

ಅಮ್ಮ ಸ್ಟೂಲಿನ ಮೇಲೆ ಕೂತು ಮಗುವನ್ನೇ ನೋಡುತ್ತಿದ್ದಳು. ಮೆಲ್ಲಗೆ ಕೇಳಿದಳು: "ಮನೇಲೇ ಹುಟ್ಟಿದ್ರೆ ಇದು ಉಳೀತಿರ್ಲಿಲ್ವೇನೇ?"

"ಗೊತ್ತಿಲ್ಲಮ್ಮ. ಇದೇ ಮಗು ಎರಡು ಕಡೆ ಹುಟ್ಟೋಕಾಗಲ್ವಲ್ಲ."

ಇಷ್ಟು ಲೆಕ್ಕ ಮಾಡಿ ಇಷ್ಟೂ ಹೇಳೋಕಾಗಲ್ವಾ ಅಂತ ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಮಗುವಿನ ಕುಲಾವಿ ಸರಿಮಾಡಿದಳು. ಮಗು ಎದ್ದಿತು ಅಂತ ಕಾಣುತ್ತೆ, ಮುಖ ಕೆಂಪಗೆ ಮಾಡಿ — ಅಯ್ಯೋ, ಎಷ್ಟು ಜೋರಾಗಿ ಅಳುತ್ತಿದೆ! ಉಳಿದದ್ದು ಆಮೇಲೆ.