ಜುಂಜಪ್ಪಜ್ಜನ ಮನೆ ಬಾಗಿಲು

ಮಧುಗಿರಿ, ಶುಕ್ರವಾರ

ಅಪ್ಪಾ,

ಫೋನಲ್ಲಾದರೆ ನೀನು ಮಾತು ತೇಲಿಸಿಬಿಡ್ತೀಯ, ಅದಕ್ಕೇ ಬರೀತಿದ್ದೀನಿ. ಮಿಡಿಗೇಶಿ ಬಸ್ಸಿನ ಕಂಡಕ್ಟರಿಗೆ ನಿನ್ನ ಕೈಗೇ ಕೊಡಿ ಅಂತ ಹೇಳಿದ್ದೀನಿ.

ಸಮನ್ಸ್ ತಲುಪದೇ ಕೇಸು ಸೋತವರ ಬಗ್ಗೆ ನಾನು ಕಾನೂನಿನಲ್ಲಿ ಪಿಎಚ್‌ಡಿ ಮಾಡ್ತಿರೋದು ನಿನಗೆ ಗೊತ್ತಲ್ಲ. ಹಳೇ ಫೈಲುಗಳ ನಡುವೆ ದೊಡ್ಡೇರಿ ಕಡೆಯ ಜುಂಜಪ್ಪಜ್ಜನದು ಸಿಕ್ಕಿತು. ಅದರಲ್ಲಿ ನಿನ್ನ ಅಕ್ಷರ ಇದೆ. ಕೋರ್ಟ್ ಅಮೀನನಾಗಿದ್ದಾಗ ನೀನೇ ಬರೆದ ಷರಾ: 'ಮನೆಗೆ ಬೀಗ ಹಾಕಿದ್ದರಿಂದ ಸಮನ್ಸನ್ನು ಬಾಗಿಲಿಗೆ ಅಂಟಿಸಿ ಬಂದಿರುತ್ತೇನೆ.' ಅಜ್ಜ ಕೋರ್ಟಿಗೆ ಬರಲಿಲ್ಲ, ಎರಡೆಕರೆ ಹೊಲ ಎದುರು ಪಾರ್ಟಿಗೆ ಹೋಯಿತು.

ಮಂಗಳವಾರ ಅವರ ಮನೆಗೆ ಹೋಗಿದ್ದೆ. 'ಆಗ ನಮ್ದು ಗುಡ್ಲು ಕಣಮ್ಮ, ಬಾಗ್ಲೆಲ್ಲಿತ್ತು? ಗೋಣಿತಾಟು ಇಳೇಬುಟ್ಟಿದ್ವಿ. ಕೋರ್ಟಿಂದ ಕರೆ ಬಂದಿದ್ರೆ ಓಗ್ದೆ ಇರ್ತಿದ್ನಾ?' ಅಂದರು. ಆಮೇಲೆ ನಾನು ಯಾರ ಮಗಳು ಅಂತ ಕೇಳಿದರು. ಟೀ ಚೆನ್ನಾಗಿದೆ ಅಂದೆ.

ಆಗಿನಿಂದ ಕೂತಲ್ಲಿ ಕೂರೋಕಾಗ್ತಿಲ್ಲ. ಆ ಅಧ್ಯಾಯ ಮೂರು ಸಲ ಬರೆದೆ, ಮೂರು ಸಲ ಅಳಿಸಿದೆ. ಸೋಮವಾರ ಗೈಡ್‌ಗೆ ಕೊಡಲೇಬೇಕು.

ಭಾನುವಾರ ಮೊದಲ ಬಸ್ಸಿಗೇ ಬಾ, ಇಬ್ಬರೂ ಹೋಗೋಣ. ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಾ, ಬಸ್ಸಿಳಿದು ನಡೀಬೇಕು. ಅಜ್ಜನ ಮನೆಗೆ ಈಗ ಬಾಗಿಲಿದೆ. ನೀನೇ ತಟ್ಟಬೇಕು.

ನಿನ್ನ ಮಗಳು,
ಗಂಗಲಕ್ಷ್ಮಿ