ಊದುವವನ ವಸಡು, ನಿಮ್ಮ ರಿಬ್ಬನ್ನು

ದಂತ ಶಿಬಿರಗಳ ಉದ್ಘಾಟನೆಗೆಂದೇ ಹುಟ್ಟಿಬಂದಂತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಮೇಲಿನ ಎರಡು ಮುಂದಿನ ಹಲ್ಲು ಉದುರಿವೆ, ಉಳಿದವು ಅಲ್ಲಾಡುತ್ತಿವೆ. ಅದಕ್ಕೆ ನೀವೇ ಹೊಣೆ ಎಂದು ಊರೆದುರು ಹೇಳಲು ಈ ಪತ್ರ. ನಾನು ಹಳೇ ಹುಬ್ಬಳ್ಳಿಯ ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದುವವನು. ಮೇಲಿನ ಹಲ್ಲನ್ನು ವಾದ್ಯದ ಬಾಯ್ತುದಿಗೆ ಊರದಿದ್ದರೆ ಸ್ವರ ನಿಲ್ಲುವುದಿಲ್ಲ. ಹಲ್ಲು ಹೋದರೆ ನಮ್ಮ ಹೊಟ್ಟೆಪಾಡೂ ಹೋಯಿತು.

ಗಬ್ಬೂರಿನ ಶಿಬಿರ ನೆನಪಿದೆಯೇ? ಇರಲಿಕ್ಕಿಲ್ಲ, ಕತ್ತರಿಸಿದ ರಿಬ್ಬನ್ನುಗಳನ್ನೆಲ್ಲ ಯಾರು ನೆನಪಿಡುತ್ತಾರೆ! ಅಂದು ನಿಮ್ಮನ್ನು ವಾದ್ಯ ಊದಿ ವೇದಿಕೆಗೆ ಕರೆತಂದವನು ನಾನೇ. ಭಾಷಣ ಮುಗಿದ ಮೇಲೆ ನಾನೂ ಕುರ್ಚಿಯಲ್ಲಿ ಕುಳಿತೆ. ನಿಮ್ಮ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಹುಳುಕಿಲ್ಲ, ಹಲ್ಲು ಛಲೋ ಅದಾವ" ಅಂದರು. ವಸಡನ್ನು ಮುಟ್ಟಲೂ ಇಲ್ಲ. "ತಿಕ್ಕಿದ್ರ ರಕ್ತ ಬರ್ತೈತ್ರಿ ಸಾಹೇಬ್ರ" ಎಂದೆ. ಪಕ್ಕದಲ್ಲಿ ಫೋಟೋಗೆ ನಿಂತಿದ್ದ ತಾವು ನನ್ನ ಬೆನ್ನು ತಟ್ಟಿ ನಕ್ಕಿರಿ: "ಏನಾಗಂಗಿಲ್ಲ ತಗೋ, ಎಲ್ಲಾರಿಗೂ ಬರ್ತದ."

ಅಧಿಕಾರಿಗಳೇ ಹೇಳಿದ ಮೇಲೆ ಮುಗಿಯಿತಲ್ಲ! ರಕ್ತ ಬರುವ ಕಡೆ ಬ್ರಷ್ ಮುಟ್ಟಿಸುವುದನ್ನೇ ಬಿಟ್ಟೆ. ಹಲ್ಲು ಸಡಿಲವಾದಾಗ ನಮ್ಮ ಕಂಪನಿಯ ಹಿರಿಯರು ಮಾಡುತ್ತಿದ್ದುದನ್ನೇ ಮಾಡಿದೆ. ಬಾಯ್ತುದಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಇನ್ನಷ್ಟು ಬಿಗಿಯಾಗಿ ಕಚ್ಚಿದೆ. ವಿದ್ಯಾನಗರದ ಒಂದು ಮದುವೆಯಲ್ಲಿ, ಮದುಮಕ್ಕಳ ತಲೆಗೆ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ, ಬಾಯಿತುಂಬ ರಕ್ತ. ಒಂದು ಹಲ್ಲು ಅಂಗೈಗೇ ಬಂತು. ಮದುಮಗಳ ತಾಯಿ ಅಪಶಕುನವೆಂದು ಮುಖ ತಿರುಗಿಸಿದರು. ಆ ನಾಚಿಕೆ ಇನ್ನೂ ಹೋಗಿಲ್ಲ. ಇನ್ನೊಂದು ಹಲ್ಲು ಮಾತ್ರ ಬೇಗನೇ ಹೋಯಿತು.

ಕೊನೆಗೆ ಒಬ್ಬ ದಂತವೈದ್ಯೆ ವಸಡಿನ ಸಂದಿಗೆ ಸಣ್ಣ ಕಡ್ಡಿ ಇಳಿಸಿ ಅಳೆದು ನೋಡಿದರು. "ಹಲ್ಲು ಹಿಡಿದಿರೋ ಎಲುಬ ಕರಗೇತ್ರಿ ಕಾಕಾ. ನಮ್ಮ ಕಡೆ ಬರೋ ದೊಡ್ಡ ವಯಸ್ಸಿನವರೊಳಗ ಭಾಳ ಮಂದಿಗೆ ಇದ ರೋಗ. ಲಗೂ ಬಂದಿದ್ರ ಹಲ್ಲು ಉಳೀತಿದ್ವು" ಎಂದರು.

ಅಂದರೆ ನೀವು ಹೇಳಿದ್ದು ಖರೇ, ಎಲ್ಲರಿಗೂ ಬರುತ್ತದೆ! ಆದರೆ ಬಹಳ ಜನರಿಗೆ ಬಂದರೆ ಅದು ರೋಗವೇ ಅಲ್ಲ ಎಂದು ನಿಮಗೆ ಯಾವ ಪುಣ್ಯಾತ್ಮರು ಕಲಿಸಿದರು? "ಎಲ್ಲಾರಿಗೂ ಬರ್ತದಂದ್ರ ಎಲ್ಲಾರ್ದೂ ನೋಡ್ರಿ ಅಂತ ಅಲ್ಲೇ ಝಾಡಿಸಬೇಕಿತ್ತು!" ಎಂದು ಹೆಂಡತಿ ಸಾವಕ್ಕ ಇಂದಿಗೂ ನನ್ನನ್ನೇ ಬೈಯುತ್ತಾಳೆ. ಅಲ್ಲಿ ಝಾಡಿಸಲಿಲ್ಲ, ಇಲ್ಲಿ ಝಾಡಿಸುತ್ತಿದ್ದೇನೆ.

ಮುಂದಿನ ಶಿಬಿರಕ್ಕೂ ನಮ್ಮ ಬ್ಯಾಂಡನ್ನೇ ಕರೆದಿದ್ದೀರಿ. ಬರುತ್ತೇವೆ. ಅಂದು ಬಂದ ಪ್ರತಿಯೊಬ್ಬ ವಯಸ್ಕರ ವಸಡಿಗೂ ಆ ಅಳತೆಯ ಕಡ್ಡಿ ಇಳಿಯಬೇಕು. ಮೊದಲು ನಿಮ್ಮ ವಸಡಿಗೆ, ವೇದಿಕೆಯ ಮೇಲೆ, ಜನರೆದುರು. ಅಲ್ಲಿಯವರೆಗೆ ನಮ್ಮ ಡೋಲಿನ ಮೇಲೆ ಒಂದು ಪೆಟ್ಟೂ ಬೀಳುವುದಿಲ್ಲ. ನಿಮಗೆ ರಕ್ತ ಬರಲಿ ಎಂದೇ ನಾನು ದೇವರಿಗೆ ಕಾಯಿ ಒಡೆಸಿದ್ದೇನೆ, ಮುಚ್ಚುಮರೆ ಯಾಕೆ? ಬಂದರೆ ಗಾಬರಿಯಾಗಬೇಡಿ. ಬೆನ್ನು ತಟ್ಟಲು ನಾನಿರುತ್ತೇನೆ. ಮೈಕ್ ಹಿಡಿದೇ ಹೇಳುತ್ತೇನೆ: "ಏನಾಗಂಗಿಲ್ಲ ತಗೋರಿ ಸಾಹೇಬ್ರ, ಎಲ್ಲಾರಿಗೂ ಬರ್ತದ."

ಇಂತಿ,
ಎರಡು ಹಲ್ಲುಗಳ ಮಾಜಿ ಮಾಲೀಕ
ಫಕೀರಪ್ಪ, ಹಳೇ ಹುಬ್ಬಳ್ಳಿ