ಆರು ಚಕ್ರದ ಟಿಪ್ಪರ್

ಸುಕೇಶಣ್ಣ,

ಇವತ್ತು ಬೆಳಿಗ್ಗೆ ಹೊಸ ಟಿಪ್ಪರಿನ ಮೊದಲ ಟ್ರಿಪ್ಪಿಗೆ ನಾನೂ ಹೋಗಿದ್ದೆ. ಬಜಗೋಳಿ ರಸ್ತೆಯ ತುಂಬ ಮಂಜಿತ್ತು. ಗಾಡಿ ನೆಲ ಮುಟ್ಟದೆ ತೇಲುತ್ತಿರುವಂತೆ ಅನಿಸುತ್ತಿತ್ತು.

ಶೋರೂಮಿನವರು ಈ ಸಲವೂ ಹತ್ತು ಚಕ್ರದ ಉದ್ದ ಗಾಡಿಯನ್ನೇ ತೋರಿಸಿದ್ದರು. ಸಹಿ ಹಾಕುವ ಮೊದಲು ನಾನು ಚಾಲಕ ಹೂವಪ್ಪನವರನ್ನು ಕೇಳಿದೆ.

"ಕಲ್ಲುಕೋರೆಗೆ ಇಳಿಯುವ ತಿರುವು ಸಣ್ಣದಲ್ವಾ ಅಕ್ಕ? ಉದ್ದದ್ದಾದರೆ ಹಿಂದೆ ತೆಗೆದು ತಿರುಗಿಸಬೇಕು. ಹಿಂದೆ ಹೊಂಡ ಉಂಟು. ಆರು ಚಕ್ರದ ಗಿಡ್ಡದ್ದೇ ಸಾಕು."

ಎರಡು ವರ್ಷದ ಹಿಂದೆ ನೀನು ಹೇಳಿದ್ದೂ ಇದನ್ನೇ. ಆದರೂ ನಾನು ಉದ್ದದ ಗಾಡಿಗೇ ಸಹಿ ಹಾಕಿದೆ. ಆ ಗಾಡಿ ನಿನ್ನನ್ನು ಕರೆದುಕೊಂಡು ಆ ಹೊಂಡಕ್ಕೇ ಹೋಯಿತು.

ಇವತ್ತು ತಿರುವು ಹತ್ತಿರವಾದಾಗ ಕಣ್ಣು ಮುಚ್ಚಿಕೊಂಡೆ. ಹೂವಪ್ಪನವರು ನಿಟ್ಟೆಯ ಹಾಸ್ಟೆಲಿನಲ್ಲಿರುವ ಮಗಳ ಸುದ್ದಿ ಹೇಳುತ್ತಿದ್ದರು. "ದಿನಾ ಅದೇ ಸಾಂಬಾರಂತೆ ಅವಳಿಗೆ." ಅವರ ಮಾತು ಎಲ್ಲೋ ದೂರದಿಂದ, ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು.

ಕಣ್ಣು ಬಿಟ್ಟಾಗ ಗಾಡಿ ಕೋರೆಯ ತಳದಲ್ಲಿತ್ತು.

"ತಿರುವು?" ಎಂದೆ.

"ಅದು ಆಗಲೇ ದಾಟಿತಲ್ಲ ಅಕ್ಕ."

"ಒಂದೇ ಸಲಕ್ಕೆ ತಿರುಗಿತಾ?"

"ಹೌದು. ಅದರಲ್ಲಿ ಎಂತ ಉಂಟು?" ಎಂದು ಅವರು ಮತ್ತೆ ಮಗಳ ಊಟದ ಮಾತಿಗೆ ಹೋದರು.

ಅಷ್ಟೇ ಇತ್ತು, ಅಣ್ಣ.

ನಿನ್ನ ಸುಗಂಧಿ